ಬಿ.ಇ. ಬಿಟ್ಟು ಬೇರೆ ದಾರಿ ಹಿಡಿಯುವ ಮೊದಲು 4,500 ರೂಪಾಯಿ ಕೊಟ್ಟು ಕೇಳಿದ ಸಲಹೆ: ಮಂಗಳೂರಿನ ಒಂದು ಕರಿಯರ್ ಕೌನ್ಸೆಲಿಂಗ್ ಅನುಭವ

ಬಿ.ಇ. ಮುಗಿದು ಆರು ವರ್ಷ ಆಗಿತ್ತು. ಎಲೆಕ್ಟ್ರಾನಿಕ್ಸ್ ಓದಿದ್ದು, ಮಾಡುತ್ತಿದ್ದದ್ದು ಸಾಫ್ಟ್‌ವೇರ್ ಟೆಸ್ಟಿಂಗ್. ಕೆಲಸ ಕಷ್ಟ ಅಂತಲ್ಲ, ಸಂಬಳವೂ ಸರಿಯಾಗಿ ಬರುತ್ತಿತ್ತು. ಆದರೆ ಭಾನುವಾರ ಸಂಜೆ ಆದರೆ ಸಾಕು, ಹೊಟ್ಟೆಯಲ್ಲಿ ಎಂತದೋ ಹಿಂಡಿದ ಹಾಗೆ ಆಗುತ್ತಿತ್ತು. ಬೇರೆ ಎಂತ ಮಾಡಬಹುದು ಅಂತ ಯಾರನ್ನು ಕೇಳುವುದು? ಸ್ನೇಹಿತರಲ್ಲಿ ಅರ್ಧ ಜನ ನನ್ನ ಹಾಗೆಯೇ ಇದ್ದರು. ಕೊನೆಗೆ ಮಂಗಳೂರಿನಲ್ಲಿ ದುಡ್ಡು ಕೊಟ್ಟು ಕರಿಯರ್ ಕೌನ್ಸೆಲಿಂಗ್‌ಗೆ ಹೋದೆ. ಈಗ ಬಿ.ಎಡ್. ಎರಡನೇ ಸೆಮಿಸ್ಟರ್‌ನಲ್ಲಿ ಇದ್ದೇನೆ. ಅಲ್ಲಿ ಯಾವುದು ಉಪಯೋಗಕ್ಕೆ ಬಂತು, ಯಾವುದು ಬರಲಿಲ್ಲ ಅಂತ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ, ಏಕೆಂದರೆ ನಾನು ಹೋಗುವ ಮೊದಲು ಹುಡುಕಿದಾಗ ಕನ್ನಡದಲ್ಲಿ ಇಂಥದ್ದು ಒಂದೂ ಸಿಗಲಿಲ್ಲ.

ಸಂಸ್ಥೆಯ ಹೆಸರು ಹಾಕುವುದಿಲ್ಲ. ಅದು ಇಬ್ಬರೇ ನಡೆಸುವ ಸಣ್ಣ ಜಾಗ, ನನ್ನ ದೂರುಗಳು ಅವರ ಹೊಟ್ಟೆಗೆ ಕಲ್ಲು ಹಾಕುವುದು ಬೇಡ. ಅದಲ್ಲದೆ ಹೋಗುವ ಮೊದಲು ಇನ್ನೂ ಮೂರು ಕಡೆ ಫೋನ್ ಮಾಡಿ ವಿಚಾರಿಸಿದ್ದೆ. ಪ್ಯಾಕೇಜ್ ಎಲ್ಲಾ ಕಡೆ ಹೆಚ್ಚುಕಡಿಮೆ ಒಂದೇ. ಒಂದು ಕಂಪ್ಯೂಟರ್ ಟೆಸ್ಟ್, ಒಂದು ರಿಪೋರ್ಟ್, ಎರಡೋ ಮೂರೋ ಸಲ ಕೂತು ಮಾತುಕತೆ.

ನಮ್ಮ ಮನೆ ಕಾಪು ಹತ್ತಿರ. ಆಟಿ ತಿಂಗಳ ಮಳೆ. ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಪಡುಬಿದ್ರಿ, ಮೂಲ್ಕಿ, ಸುರತ್ಕಲ್ ದಾಟಿ ಲಾಲ್‌ಬಾಗ್‌ನಲ್ಲಿ ಇಳಿದು, ಅಲ್ಲಿಂದ ನಡೆದು ಒಂದು ಮೆಡಿಕಲ್ ಶಾಪ್ ಮೇಲಿನ ಮಹಡಿಗೆ ಹೋಗಬೇಕಿತ್ತು. ಮೂರು ಶನಿವಾರ ಹೋದೆ. ಮೊದಲ ದಿನವೇ 4,500 ಪೂರ್ತಿ ಕಟ್ಟಿಸಿಕೊಂಡರು, ರಸೀದಿ ಕೊಟ್ಟರು. ಜಾಗ ಚೊಕ್ಕ ಇತ್ತು, ಕಾಯಿಸಲಿಲ್ಲ, ಒಬ್ಬರ ಮಾತು ಇನ್ನೊಬ್ಬರಿಗೆ ಕೇಳದ ಹಾಗೆ ಬೇರೆ ಕೋಣೆ ಇತ್ತು. ಈ ಕೊನೆಯದು ತುಂಬಾ ಮುಖ್ಯ. ಊರಿನವರು ಯಾರಾದರೂ ಸಿಕ್ಕಿಬಿಟ್ಟರೆ ಅನ್ನುವ ಭಯ ನನಗೆ ನಿಜವಾಗಿಯೂ ಇತ್ತು.

ಮೊದಲ ಶನಿವಾರ ಟೆಸ್ಟ್. 180 ಪ್ರಶ್ನೆ, ಎಲ್ಲಾ ಇಂಗ್ಲಿಷ್‌ನಲ್ಲಿ. ಇದು ಇಷ್ಟವೇ, ಅದು ಇಷ್ಟವೇ, ಹೌದು, ಇಲ್ಲ, ಗೊತ್ತಿಲ್ಲ. ಇದರ ಮೂಲ ಜಾನ್ ಹಾಲೆಂಡ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞರದ್ದು. 1959ರಲ್ಲಿ ಅವರು ಮುಂದಿಟ್ಟ ಯೋಚನೆ ಇದು. ಜನರ ಒಲವನ್ನು ಆರು ಬಗೆಯಾಗಿ ನೋಡುತ್ತಾರೆ: ಕೈಯಲ್ಲಿ ಮಾಡುವುದು, ಹುಡುಕಿ ತಿಳಿಯುವುದು, ಕಲೆ, ಜನರ ಜೊತೆ ಬೆರೆತು ನೆರವಾಗುವುದು, ವ್ಯಾಪಾರ ಮತ್ತು ಮುಂದಾಳತ್ವ, ಲೆಕ್ಕಪತ್ರದ ಅಚ್ಚುಕಟ್ಟು. ನಿಮ್ಮಲ್ಲಿ ಯಾವ ಮೂರು ಜಾಸ್ತಿ ಅಂತ ನೋಡಿ ಅದಕ್ಕೆ ಹೊಂದುವ ಕೆಲಸಗಳ ಪಟ್ಟಿ ಕೊಡುತ್ತಾರೆ. ನನಗೆ ಬಂದದ್ದು ಜನರ ಜೊತೆ ಬೆರೆಯುವುದು ಮೊದಲು, ಹುಡುಕಿ ತಿಳಿಯುವುದು ಎರಡನೆಯದು. ಅದು ತಪ್ಪು ಅಂತ ಹೇಳಲಾರೆ.

ಆದರೆ ಒಂದು ಮಾತು ಗೊತ್ತಿರಲಿ. ಈ ಟೆಸ್ಟ್ ಒಲವನ್ನು ಮಾತ್ರ ಹೇಳುತ್ತದೆ, ಕೈಲಾಗುತ್ತದೋ ಇಲ್ಲವೋ ಅಂತ ಹೇಳುವುದಿಲ್ಲ. ಹಾಡು ಇಷ್ಟ ಅಂದರೆ ಹಾಡಲು ಬರುತ್ತದೆ ಅಂತ ಅರ್ಥ ಅಲ್ಲ, ಅಲ್ವಾ? ಮತ್ತೆ, ಇದೇ ಆರು ಬಗೆಯ ಮೇಲೆ ಮಾಡಿದ ಪ್ರಶ್ನಾವಳಿ ಅಮೆರಿಕದ ಕಾರ್ಮಿಕ ಇಲಾಖೆಯ ಓ-ನೆಟ್ ತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಅದರ ಚಿಕ್ಕ ಆವೃತ್ತಿಯಲ್ಲಿ 60 ಪ್ರಶ್ನೆ ಮಾತ್ರ. ನಾನು ಆಮೇಲೆ ಮನೆಯಲ್ಲಿ ಕೂತು ಮಾಡಿ ನೋಡಿದೆ. ಮೊದಲ ಎರಡು ಬಗೆ ಅದೇ ಬಂತು. ಟೆಸ್ಟ್‌ಗೋಸ್ಕರ ಮಾತ್ರ ದುಡ್ಡು ಕೊಡುವವರಿದ್ದರೆ ಕೊಡಬೇಡಿ ಅಂತ ಇದಕ್ಕೇ ಹೇಳುವುದು.

ರಿಪೋರ್ಟ್ 34 ಪುಟ, ಬಣ್ಣಬಣ್ಣದ್ದು, ಸ್ಪೈರಲ್ ಬೈಂಡಿಂಗ್. ಅದರಲ್ಲಿ ನನ್ನ ಹೆಸರು ಬರುವ ಜಾಗ ಬಿಟ್ಟರೆ ಉಳಿದದ್ದು ಯಾರಿಗೂ ಹೊಂದುವಂಥದ್ದು. ನನಗೆ ಸೂಚಿಸಿದ ಕೆಲಸಗಳಲ್ಲಿ ಮಾನವ ಸಂಪನ್ಮೂಲ, ಈವೆಂಟ್ ಮ್ಯಾನೇಜ್‌ಮೆಂಟ್, ಸಮಾಜ ಕಾರ್ಯ, ಶಿಕ್ಷಕ ವೃತ್ತಿ, ಆಹಾರ ತಜ್ಞ ಎಲ್ಲಾ ಇತ್ತು. ಒಟ್ಟು 22 ಕೆಲಸ. 22 ದಾರಿ ತೋರಿಸಿದರೆ ಒಂದೂ ತೋರಿಸದ ಹಾಗೆಯೇ. ಆ ಸಂಜೆ ಬಸ್ಸಿನಲ್ಲಿ ವಾಪಸ್ ಬರುವಾಗ ಕೂಳೂರು ಸೇತುವೆ ಮೇಲೆ ಟ್ರಾಫಿಕ್ ಜಾಮ್, ಮಡಿಲಲ್ಲಿ ಆ ಪುಸ್ತಕ, ನನಗೆ ಅಳು ಬಂದಿತ್ತು.

ಎರಡನೇ ಶನಿವಾರ ಹೋಗದೇ ಇರುವುದು ಅಂತಲೂ ಯೋಚಿಸಿದ್ದೆ. ಹೋದದ್ದು ಒಳ್ಳೆಯದಾಯಿತು. ಅವತ್ತು ಕೂತವರು ಇನ್ನೊಬ್ಬ ಮೇಡಂ, ಸುಮಾರು ಐವತ್ತೈದರ ವಯಸ್ಸು. ಅವರು ರಿಪೋರ್ಟ್ ಮುಚ್ಚಿ ಪಕ್ಕಕ್ಕೆ ಇಟ್ಟರು. "ಕೆಲಸದ ಹೆಸರು ಹೇಳಬೇಡಿ. ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆವರೆಗೆ ನಿಮ್ಮ ಕೈ ಎಂತ ಮಾಡುತ್ತಾ ಇರಬೇಕು, ಬಾಯಿ ಎಂತ ಮಾಡುತ್ತಾ ಇರಬೇಕು, ಎದುರಿಗೆ ಯಾರು ಇರಬೇಕು, ಅದನ್ನು ಹೇಳಿ" ಅಂದರು.

ನನ್ನಿಂದ ತುಂಬಾ ಹೊತ್ತು ಮಾತೇ ಹೊರಡಲಿಲ್ಲ. ಅಲ್ಲಿಯವರೆಗೆ ನಾನು ಯೋಚಿಸಿದ್ದೆಲ್ಲಾ ಹೆಸರುಗಳಲ್ಲಿ. ಬ್ಯಾಂಕ್ ಆಫೀಸರ್, ಎಂ.ಬಿ.ಎ., ಡೇಟಾ ಅನಲಿಸ್ಟ್, ಕೆ.ಎ.ಎಸ್. ಆ ಕುರ್ಚಿಯಲ್ಲಿ ಕೂತವರು ದಿನವಿಡೀ ಎಂತ ಮಾಡುತ್ತಾರೆ ಅಂತ ಒಂದು ಸಲವೂ ಯೋಚಿಸಿರಲಿಲ್ಲ. ಕೊನೆಗೆ ಬಾಯಿಗೆ ಬಂದದ್ದು ಇಷ್ಟು: ಆಫೀಸಿನಲ್ಲಿ ಹೊಸಬರು ಸೇರಿದಾಗ ಅವರನ್ನು ನನ್ನ ಪಕ್ಕ ಕೂರಿಸುತ್ತಾರೆ, ಒಂದು ಸಲ ಹೇಳಿದ್ದು ಅರ್ಥ ಆಗದಿದ್ದರೆ ಇನ್ನೊಂದು ಥರ ಹೇಳಿ ನೋಡುತ್ತೇನೆ, ಅವರ ಮುಖದಲ್ಲಿ ಗೊತ್ತಾಯಿತು ಅನ್ನುವುದು ಕಾಣಿಸುತ್ತದೆ, ಆ ವಾರ ಮಾತ್ರ ನನಗೆ ಭಾನುವಾರ ಸಂಜೆ ಹೊಟ್ಟೆ ಹಿಂಡುವುದಿಲ್ಲ. ಮೇಡಂ ಬರೆದುಕೊಂಡರು. "ಹಾಗಾದರೆ ಮಕ್ಕಳಿಗಾ, ದೊಡ್ಡವರಿಗಾ?" ಅಂತ ಕೇಳಿದರು. ಮಕ್ಕಳಿಗೆ ಅಂದೆ. ಗಣಿತ ಅಂದೆ. ಹೇಳಿ ಮುಗಿಸುವಾಗ ನನಗೇ ಆಶ್ಚರ್ಯ, ಇಷ್ಟು ವರ್ಷ ಇದು ಎಲ್ಲಿತ್ತು ಅಂತ.

4,500ರಲ್ಲಿ 4,000 ಆ ಒಂದು ಪ್ರಶ್ನೆಗೆ ಸಲ್ಲಬೇಕು.

ಅದರ ಬೆನ್ನಿಗೇ ತಪ್ಪೂ ಆಯಿತು. "ಆದರೆ ಬಿ.ಇ. ಮಾಡಿದವರಿಗೆ ಬಿ.ಎಡ್. ಸಿಗುವುದಿಲ್ಲ, ಮೊದಲು ಬಿ.ಎಸ್ಸಿ. ಮಾಡಬೇಕಾಗುತ್ತದೆ" ಅಂದರು. ಅಂದರೆ ಮೂರು ವರ್ಷ, ಅದರ ಮೇಲೆ ಬಿ.ಎಡ್. ಎರಡು ವರ್ಷ. ಐದು ವರ್ಷ ಸಂಬಳ ಇಲ್ಲದೆ! ಆ ವಾರ ನಾನು ಈ ಆಸೆಯನ್ನು ಹೆಚ್ಚುಕಡಿಮೆ ಬಿಟ್ಟೇ ಬಿಟ್ಟಿದ್ದೆ. ಸುಮ್ನೆ ಒಂದು ರಾತ್ರಿ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ, ಅಂದರೆ ಎನ್‌.ಸಿ.ಟಿ.ಇ.ಯ 2014ರ ನಿಯಮಾವಳಿ ತೆಗೆದು ಓದಿದೆ. ಅದರಲ್ಲಿ ಸ್ಪಷ್ಟವಾಗಿ ಉಂಟು: ಉಳಿದ ಪದವೀಧರರಿಗೆ 50 ಶೇಕಡಾ ಅಂಕ, ವಿಜ್ಞಾನ ಮತ್ತು ಗಣಿತ ಮುಖ್ಯವಾಗಿ ಓದಿದ ಎಂಜಿನಿಯರಿಂಗ್ ಪದವೀಧರರಿಗೆ 55 ಶೇಕಡಾ. ನನ್ನದು 68. ನನ್ನ ಹಾಗೆ ಎಷ್ಟು ಜನ ಈ ಒಂದು ತಪ್ಪು ಮಾತಿನಿಂದ ವಾಪಸ್ ಹೋಗಿರಬಹುದು ಅಂತ ನೆನೆದರೆ ಈಗಲೂ ಸಂಕಟ ಆಗುತ್ತದೆ. ದಯವಿಟ್ಟು, ಯಾರು ಏನೇ ಹೇಳಲಿ, ಅರ್ಹತೆಯ ವಿಷಯವನ್ನು ಮೂಲ ನಿಯಮದಲ್ಲಿ ನೀವೇ ಓದಿ. ಆ ವರ್ಷದ ನಮ್ಮ ರಾಜ್ಯದ ಪ್ರವೇಶ ಪ್ರಕಟಣೆಯನ್ನೂ ಓದಿ. ಸರ್ಕಾರಿ ಶಾಲೆಯ ಕೆಲಸವೇ ಗುರಿ ಆಗಿದ್ದರೆ ನೇಮಕಾತಿ ಪ್ರಕಟಣೆಯಲ್ಲಿ ಪದವಿಯ ಯಾವ ವಿಷಯಗಳನ್ನು ಲೆಕ್ಕಕ್ಕೆ ಹಿಡಿಯುತ್ತಾರೆ ಅಂತ ಸೇರುವ ಮೊದಲೇ ನೋಡಿ, ಆಮೇಲೆ ಅಲ್ಲ.

ಮೇಡಂ ಒಂದು ಮನೆಕೆಲಸವನ್ನೂ ಕೊಟ್ಟಿದ್ದರು. 15 ದಿನ ಆ ಕೆಲಸವನ್ನು ನಿಜವಾಗಿ ಮಾಡಿ ಬನ್ನಿ, ಪ್ರತಿ ರಾತ್ರಿ ಎರಡು ಸಾಲು ಬರೆಯಿರಿ: ಇವತ್ತು ಮಾಡಿದ್ದು ಎಂತ, ನಾಳೆ ಇನ್ನೊಮ್ಮೆ ಮಾಡಲು ಮನಸ್ಸು ಉಂಟಾ. ನಾನು ರಜೆ ಹಾಕಿದೆ. ಮನೆ ಹತ್ತಿರದ ಕನ್ನಡ ಮಾಧ್ಯಮ ಶಾಲೆಯ ಮುಖ್ಯೋಪಾಧ್ಯಾಯರನ್ನು ಕೇಳಿದೆ. ಗಣಿತ ಮಾಸ್ಟ್ರು ಇರುವಾಗಲೇ ಅವರ ಜೊತೆ ತರಗತಿಯಲ್ಲಿ ಕೂರಲು, ಆಮೇಲೆ ಅವರ ಎದುರಿಗೇ ಪಾಠ ಮಾಡಲು ಒಪ್ಪಿದರು. ಆರನೇ, ಏಳನೇ ತರಗತಿ.

ಮೂರನೇ ದಿನ ಋಣ ಸಂಖ್ಯೆ. ಮೈನಸ್ ಮೂರು ದೊಡ್ಡದಾ, ಮೈನಸ್ ಐದು ದೊಡ್ಡದಾ? ಇಡೀ ತರಗತಿ ಐದು ಅಂತ ಕೂಗಿತು. ಸಂಖ್ಯಾರೇಖೆ ಬರೆದೆ, ಎಡಕ್ಕೆ ಹೋದ ಹಾಗೆ ಸಣ್ಣದು ಅಂದೆ, ಎಲ್ಲರೂ ತಲೆ ಆಡಿಸಿದರು, ಇನ್ನೊಮ್ಮೆ ಕೇಳಿದರೆ ಪುನಃ ಐದು. ಆಗ ಬಾವಿ ನೆನಪಾಯಿತು. ನಿಮ್ಮ ಮನೆ ಬಾವಿಯ ಕಟ್ಟೆ ಸೊನ್ನೆ ಅಂತ ಇಟ್ಟುಕೊಳ್ಳಿ. ಈಗ ಮಳೆಗಾಲ, ನೀರು ಕಟ್ಟೆಯಿಂದ ಮೂರು ಅಡಿ ಕೆಳಗೆ ಉಂಟು. ಅದು ಮೈನಸ್ ಮೂರು. ಇನ್ನೂ ಕೆಳಗೆ ಹೋಗಿ ಐದು ಅಡಿ ಆದರೆ ನೀರು ಜಾಸ್ತಿ ಆಯಿತಾ, ಕಡಿಮೆ ಆಯಿತಾ? ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಹಿಂದಿನ ಬೆಂಚಿನ ಒಬ್ಬ ಹುಡುಗ, ಅಲ್ಲಿಯವರೆಗೆ ಬಾಯಿ ಬಿಟ್ಟಿರಲಿಲ್ಲ, "ಹಾಗಾದ್ರೆ ಮೈನಸ್ ಇಪ್ಪತ್ತು ಅಂದ್ರೆ ಮೇ ತಿಂಗಳು ಟೀಚರ್" ಅಂದ. ಆಮೇಲೆ ಎಲ್ಲರೂ ಅವರವರ ಮನೆ ಬಾವಿಯ ಸಂಖ್ಯೆ ಹೇಳಲು ಶುರು ಮಾಡಿದರು. ಗಂಟೆ ಹೊಡೆದದ್ದು ನನಗೆ ಕೇಳಿಸಲೇ ಇಲ್ಲ. ಆ ರಾತ್ರಿ ಬರೆದ ಎರಡು ಸಾಲು ಎಂಟು ಸಾಲಾಯಿತು.

ಆದರೆ ಒಂಬತ್ತನೇ ದಿನ ಬರೆದದ್ದನ್ನೂ ಹೇಳಬೇಕು. ಅವತ್ತು ಪಾಠ ಒಂದೇ ಪೀರಿಯಡ್. ಉಳಿದದ್ದು 41 ಪುಸ್ತಕ ತಿದ್ದುವುದು, ಬಿಸಿಯೂಟದ ಮೊಟ್ಟೆ ಎಷ್ಟು, ಬಾಳೆಹಣ್ಣು ಎಷ್ಟು ಅಂತ ಲೆಕ್ಕ, ಸ್ಯಾಟ್ಸ್ ತಂತ್ರಾಂಶದಲ್ಲಿ ಮಕ್ಕಳ ಮಾಹಿತಿ ತುಂಬುವುದು. ನಾಳೆ ಇನ್ನೊಮ್ಮೆ ಮಾಡಲು ಮನಸ್ಸು ಉಂಟಾ? ಇಲ್ಲ ಅಂತ ಬರೆದೆ. ಗಣಿತ ಮಾಸ್ಟ್ರು ಅದನ್ನು ನೋಡಿ, ಇದೂ ಇದೇ ಕೆಲಸ, ಇದನ್ನು ಬಿಟ್ಟು ಅದು ಮಾತ್ರ ಬೇಕು ಅಂದರೆ ಆಗುವುದಿಲ್ಲ ಅಂದರು. ಹದಿನೈದು ದಿನದಲ್ಲಿ ಹನ್ನೊಂದು ಹೌದು, ನಾಲ್ಕು ಇಲ್ಲ. ನನ್ನ ಹಳೆಯ ಕೆಲಸಕ್ಕೆ ಇದೇ ಲೆಕ್ಕ ಹಾಕಿದ್ದರೆ ಹೌದು ಎರಡೋ ಮೂರೋ ಬರುತ್ತಿತ್ತು.

ಮೂರನೇ ಸಲ ಅಪ್ಪ ಅಮ್ಮನನ್ನೂ ಕರೆದುಕೊಂಡು ಬರಲು ಹೇಳಿದ್ದರು. ಇದು ನನಗೆ ಬೇಡವಾಗಿತ್ತು. 28 ವರ್ಷ ಆದವರು ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವುದಾ ಅಂತ. ಆದರೆ ನಮ್ಮಲ್ಲಿ ಇಂಥ ನಿರ್ಧಾರ ಒಬ್ಬರದ್ದೇ ಆಗಿರುವುದಿಲ್ಲ, ಮನೆಯ ಲೋನ್, ತಂಗಿಯ ಓದು, ಮದುವೆಯ ಮಾತು ಎಲ್ಲಾ ಅದಕ್ಕೆ ಕಟ್ಟಿಕೊಂಡಿರುತ್ತದೆ. ಮೇಡಂ ಅಪ್ಪನನ್ನು ಕೇಳಿದರು, "ನೀವು ಓದಿದ್ದು?" ಬಿ.ಎಸ್ಸಿ., ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ. "ಮಾಡಿದ ಕೆಲಸ?" ಬ್ಯಾಂಕ್, 35 ವರ್ಷ. "ಓದಿದ್ದು ಬ್ಯಾಂಕಿನಲ್ಲಿ ಬಳಕೆಗೆ ಬಂತಾ?" ಅಪ್ಪ ತುಂಬಾ ಯೋಚಿಸಿ, ಅಡಿಕೆ ತೋಟಕ್ಕೆ ಸಾಲ ಕೊಡುವ ಮೊದಲು ನೋಡಲು ಹೋದಾಗ ಕೊಳೆರೋಗ ಗುರುತಿಸಲು ಬರುತ್ತಿತ್ತು, ಮತ್ತೆ ಬೇರೆ ಯಾವುದಕ್ಕೂ ಇಲ್ಲ ಅಂದರು. ಹೇಳಿದ ಮೇಲೆ ಅವರೇ ನನ್ನ ಕಡೆ ತಿರುಗಿ ನೋಡಿದರು. ಆ ನೋಟ ನನಗೆ ಮರೆಯುವುದಿಲ್ಲ.

ನಿಜವಾಗಿ ನಮ್ಮ ಜಿಲ್ಲೆಗಳಲ್ಲಿ ಇದು ಹೊಸದೇ ಅಲ್ಲ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್ ಕಟ್ಟಿದ ಅಮ್ಮೆಂಬಳ ಸುಬ್ಬರಾವ್ ಪೈ ವಕೀಲರು. 1925ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕ್ ಶುರು ಮಾಡಿದ ಮೂವರಲ್ಲಿ ಉಪೇಂದ್ರ ಪೈ ವ್ಯಾಪಾರಿ, ವಾಮನ ಕುಡ್ವ ಎಂಜಿನಿಯರ್, ಟಿ.ಎಂ.ಎ. ಪೈ ಡಾಕ್ಟರ್. ಡಾಕ್ಟರ್ ಒಬ್ಬರು ಇದ್ದ ಬ್ಯಾಂಕೇ 1928ರಲ್ಲಿ ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆ ಸಂಗ್ರಹಿಸುವ ಪಿಗ್ಮಿ ಠೇವಣಿ ತಂದದ್ದು. ಆಮೇಲೆ ಎರಡು ತಲೆಮಾರು ಬಿ.ಎ., ಬಿ.ಎಸ್ಸಿ., ಬಿ.ಕಾಂ. ಏನೇ ಓದಿರಲಿ ಬ್ಯಾಂಕ್ ಪರೀಕ್ಷೆ ಬರೆದು ಊರೂರಿಗೆ ಹೋದರು. ಯಾರೂ ಅವರನ್ನು "ಓದಿದ್ದು ಬಿಟ್ಟುಬಿಟ್ಟೆಯಾ" ಅಂತ ಕೇಳಲಿಲ್ಲ. ಪದವಿಯ ಹೆಸರೇ ಕೆಲಸದ ಹೆಸರು ಆಗಬೇಕು ಅನ್ನುವುದು ನಮ್ಮ ಮನೆಗೆ ಬಂದದ್ದು ನಾನು ಬಿ.ಇ. ಸೇರಿದಾಗ. ಅದಕ್ಕೆ ಕಾರಣ ದುಡ್ಡು ಅಂತ ನನಗೆ ಅನಿಸುತ್ತದೆ. ಅಪ್ಪನ ಬಿ.ಎಸ್ಸಿ.ಗೆ ಸಾಲ ಮಾಡಿರಲಿಲ್ಲ. ನನ್ನ ಬಿ.ಇ.ಗೆ ಮಾಡಿದ್ದರು.

ಹಾಗಾಗಿ ಆ ದಿನ ಉಳಿದ ಒಂದು ಗಂಟೆ ಬರೀ ಲೆಕ್ಕ. ಈ ಭಾಗಕ್ಕೂ ನಾನು ಪೂರ್ತಿ ಅಂಕ ಕೊಡುತ್ತೇನೆ. ಒಂದು ಬಿಳಿ ಹಾಳೆಯಲ್ಲಿ ಅಮ್ಮನೇ ಬರೆದರು. ನನ್ನ ಸಂಬಳ 41,000. ಶಿಕ್ಷಣ ಸಾಲದ ಕಂತು 7,800, ಇನ್ನೂ 11 ತಿಂಗಳು ಬಾಕಿ. ನಮ್ಮ ಕಡೆಯ ಒಂದು ಖಾಸಗಿ ಶಾಲೆಯಲ್ಲಿ ಹೊಸ ಶಿಕ್ಷಕರಿಗೆ ಎಷ್ಟು ಅಂತ ನಾನು ಮೊದಲೇ ವಿಚಾರಿಸಿದ್ದೆ, 16,000. ಅಮ್ಮನ ಪೆನ್ ಅಲ್ಲಿಗೆ ನಿಂತಿತು. ಮೇಡಂ ಅವಸರ ಮಾಡಲಿಲ್ಲ, ಕನಸು ಗಿನಸು ಅಂತ ದೊಡ್ಡ ಮಾತೂ ಆಡಲಿಲ್ಲ. ಸಾಲ ಮುಗಿಯುವವರೆಗೆ ಈ ಕೆಲಸ ಬಿಡಬೇಡಿ, ಆ 11 ತಿಂಗಳಲ್ಲಿ ಎರಡು ವರ್ಷದ ಫೀಸು ಮತ್ತು ಬಸ್ ಖರ್ಚು ಕೂಡಿಡಿ, ಅಷ್ಟು ತಿಂಗಳಾದ ಮೇಲೂ ಇದೇ ಮನಸ್ಸು ಇದ್ದರೆ ಅರ್ಜಿ ಹಾಕಿ ಅಂದರು. ಹಾಗೆಯೇ ಮಾಡಿದೆ. ಕೆಲಸ ಬಿಟ್ಟು ಯೋಚಿಸುವ ಅಂತ ಹೊರಟವರಿಗೆ ನಾನೂ ಇದನ್ನೇ ಹೇಳುತ್ತೇನೆ: ಕೆಲಸದಲ್ಲಿ ಇದ್ದುಕೊಂಡೇ ಯೋಚಿಸಿ.

ಇನ್ನು ದೂರು. ಮೂರನೇ ಸಲ ಮುಗಿಸಿ ಹೊರಗೆ ಬರುವಾಗ ಕೌಂಟರಿನಲ್ಲಿದ್ದವರು, ಹೊರರಾಜ್ಯದ ಒಂದು ಖಾಸಗಿ ವಿಶ್ವವಿದ್ಯಾಲಯದ ಆನ್‌ಲೈನ್ ಎಂ.ಬಿ.ಎ. ಕರಪತ್ರ ಕೈಗಿಟ್ಟರು. ಆಮೇಲೆ ಎರಡು ತಿಂಗಳು ಆ ವಿಶ್ವವಿದ್ಯಾಲಯದಿಂದಲೇ ಫೋನ್. ನನ್ನ ನಂಬರ್ ಅವರಿಗೆ ಹೇಗೆ ಸಿಕ್ಕಿತು ಅಂತ ಕೇಳಿದಾಗ ಕೌಂಟರಿನವರು ತಡವರಿಸಿದರು. ಒಳಗೆ ಅಷ್ಟು ಪ್ರಾಮಾಣಿಕವಾಗಿ ಮಾತಾಡಿ, ಹೊರಗೆ ನಂಬರ್ ಕೊಡುವುದು ಸರಿಯಲ್ಲ. ನನಗೆ ಇದು ತುಂಬಾ ಬೇಸರ ತಂದಿತು. ನೀವು ಎಲ್ಲಿಗೇ ಹೋಗಿ, ದುಡ್ಡು ಕಟ್ಟುವ ಮೊದಲೇ ಕೇಳಿ: ಯಾವುದಾದರೂ ಕಾಲೇಜಿನ ಜೊತೆ ನಿಮಗೆ ಒಪ್ಪಂದ ಉಂಟಾ? ಸಲಹೆ ಕೊಡುವವರು ಏನು ಓದಿದ್ದಾರೆ, ಮೊದಲು ಎಲ್ಲಿ ಕೆಲಸ ಮಾಡಿದ್ದಾರೆ? ಉತ್ತರ ನೇರವಾಗಿ ಬರದಿದ್ದರೆ ಎದ್ದು ಬನ್ನಿ.

ನನ್ನ ಅಂಕ ಐದಕ್ಕೆ ಮೂರೂವರೆ. ಟೆಸ್ಟ್ ಮತ್ತು ರಿಪೋರ್ಟ್‌ಗೆ ಒಂದು, ಆ ಮೇಡಂ ಜೊತೆಗಿನ ಮಾತಿಗೆ ಐದು, ಮಾಹಿತಿಗೆ ಎರಡು. ದುಡ್ಡು ಕೊಡಲು ಆಗದವರಿಗೆ ಕೇಂದ್ರ ಕಾರ್ಮಿಕ ಸಚಿವಾಲಯದ ನ್ಯಾಷನಲ್ ಕರಿಯರ್ ಸರ್ವೀಸ್ ಪೋರ್ಟಲ್ ಉಂಟು, 2015ರಲ್ಲಿ ಶುರುವಾದದ್ದು, ಉಚಿತ. ಮೇಡಂ ಕೇಳಿದ ಆ ಪ್ರಶ್ನೆಯನ್ನು ನೀವೇ ಒಂದು ಹಾಳೆಯಲ್ಲಿ ಬರೆದು ಉತ್ತರಿಸಿ, 15 ದಿನದ ಆ ಮನೆಕೆಲಸವನ್ನೂ ಮಾಡಿ ನೋಡಿ. ಅದಕ್ಕೆ ಯಾರಿಗೂ ಫೀಸು ಕೊಡಬೇಕಾಗಿಲ್ಲ.

ಹುಡುಕುವಾಗ ನನಗೆ ತಿಳಿದ ಬೇರೆ ಕೆಲವನ್ನೂ ಹೇಳಿಬಿಡುತ್ತೇನೆ, ಯಾರಿಗಾದರೂ ಬೇಕಾಗಬಹುದು. ಮೂರು ವರ್ಷದ ಎಲ್‌ಎಲ್‌.ಬಿ.ಗೆ ಯಾವ ಪದವಿಯಾದರೂ ಆಗುತ್ತದೆ, ಸಾಮಾನ್ಯ ವರ್ಗಕ್ಕೆ 45 ಶೇಕಡಾ ಸಾಕು. ಸಿ.ಎ. ಮಾಡಲು ಕಾಮರ್ಸ್ ಓದಿರಲೇಬೇಕು ಅಂತ ಇಲ್ಲ, ಬೇರೆ ಪದವಿಯಲ್ಲಿ 60 ಶೇಕಡಾ ಇದ್ದರೆ ಫೌಂಡೇಶನ್ ಪರೀಕ್ಷೆ ಇಲ್ಲದೆ ನೇರ ಇಂಟರ್‌ಮೀಡಿಯೇಟ್‌ಗೆ ಹೋಗಬಹುದು. ಐ.ಬಿ.ಪಿ.ಎಸ್. ಬ್ಯಾಂಕ್ ಆಫೀಸರ್ ಪರೀಕ್ಷೆಗೆ ಯಾವ ಪದವಿಯೂ ಸರಿ, ವಯಸ್ಸು ಮಾತ್ರ 20ರಿಂದ 30, ಮೀಸಲಾತಿ ಇದ್ದವರಿಗೆ ಸಡಿಲಿಕೆ. ಶಿಕ್ಷಕರಾಗುವವರಿಗೆ ಬಿ.ಎಡ್. ಎರಡು ವರ್ಷ, ಅದರಲ್ಲಿ ಒಟ್ಟು 20 ವಾರ ಶಾಲೆಯಲ್ಲೇ ಇರಬೇಕು. ಅದಲ್ಲದೆ ಟಿ.ಇ.ಟಿ., ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ ಬರೆಯಬೇಕು, ಆರರಿಂದ ಎಂಟನೇ ತರಗತಿಗೆ ಎರಡನೇ ಪತ್ರಿಕೆ, 150 ಅಂಕದಲ್ಲಿ ಸಾಮಾನ್ಯ ವರ್ಗಕ್ಕೆ 90 ಬೇಕು. ಮೊದಲು ಅದಕ್ಕೆ ಏಳು ವರ್ಷದ ಅವಧಿ ಇತ್ತು, ಈಗ ಒಮ್ಮೆ ಪಾಸಾದರೆ ಜೀವನಪೂರ್ತಿ ನಡೆಯುತ್ತದೆ.

ಬಿ.ಎಡ್. ಸೀಟು ಸಿಕ್ಕಿದ ವಾರ ನಾನು ಮತ್ತೆ ಆ ಮಹಡಿ ಹತ್ತಿದೆ. ಎನ್‌.ಸಿ.ಟಿ.ಇ. ನಿಯಮದ ಆ ಪುಟವನ್ನು ಪ್ರಿಂಟ್ ತೆಗೆದುಕೊಂಡು ಹೋಗಿದ್ದೆ, 55 ಶೇಕಡಾ ಅಂತ ಇರುವ ಸಾಲಿಗೆ ಹಳದಿ ಬಣ್ಣ ಹಚ್ಚಿ. ಮೇಡಂ ಕನ್ನಡಕ ಹಾಕಿ ಎರಡು ಸಲ ಓದಿದರು. ತಪ್ಪು ಹೇಳಿದೆ ಅಂತ ಒಪ್ಪಿಕೊಂಡರು, ನೆಪ ಹೇಳಲಿಲ್ಲ. ಆಮೇಲೆ ಡ್ರಾಯರಿನಿಂದ ಒಂದು ಹಳೆಯ ಡೈರಿ ತೆಗೆದು ಪುಟ ತಿರುಗಿಸುತ್ತಾ ಹೋದರು. ಕಳೆದ ಜನವರಿಯಲ್ಲಿ ಸಿವಿಲ್ ಓದಿದ ಒಬ್ಬ ಹುಡುಗ ಬಂದಿದ್ದ, ಅವನಿಗೂ ಇದನ್ನೇ ಹೇಳಿ ಕಳಿಸಿದ್ದೆ ಅಂದರು. ನಂಬರ್ ಸಿಕ್ಕಿತು. ನಾನು ಅಲ್ಲಿ ಕೂತಿರುವಾಗಲೇ ಫೋನ್ ಮಾಡಿದರು.